ಸೋಮವಾರದ ರೀಡಿಂಗ್

ನಮ್ಮ ಮೆಟೀರಿಯಲ್ಸ್ ಲ್ಯಾಬ್ ರೆಕಾರ್ಡಿನಲ್ಲಿ ಎರಡು ಸುಳ್ಳು ಸಂಖ್ಯೆಗಳಿದ್ದವು. 76 ಮತ್ತು 77. ಟೇಬಲ್ಲಿನ ಕೊನೇ ಎರಡು ಸಾಲು. ನೀಲಿ ಪೆನ್ನಲ್ಲಿ ನೀಟಾಗಿ ಬರೆದಿದ್ದೆವು, ಕೆಳಗೆ ಮ್ಯಾಮ್ ಸಹಿ ಬೇರೆ ಬಿದ್ದಿತ್ತು. ನಿಮ್ಮ ರೆಕಾರ್ಡಲ್ಲಿ ಅಂಥದ್ದು ಒಂದೂ ಇಲ್ಲ ಅಂತ ಎದೆ ಮುಟ್ಟಿಕೊಂಡು ಹೇಳುವವರು ಮುಂದಿನ ಲೇಖನಕ್ಕೆ ಹೋಗಬಹುದು.

ನಾವು ಅಂದ್ರೆ ಮೆಕ್ಯಾನಿಕಲ್‌ನ ಒಂದು ಲ್ಯಾಬ್ ಬ್ಯಾಚ್, ನಾಲ್ಕು ಜನ. ನಾಲ್ವರಲ್ಲಿ ಮೂವರು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ, ಕನ್ನಡ ಸೆಕೆಂಡ್ ಲಾಂಗ್ವೇಜ್. ಹಾಗಾಗಿ ‘ಸಾಲಿಡ್ ಸೊಲ್ಯೂಶನ್’ ಅನ್ನೋದಕ್ಕೆ ಕನ್ನಡದಲ್ಲಿ ಏನಂತಾರೆ ಅಂತ ಅರ್ಧ ಗಂಟೆ ಜಗಳ ಆಡಿ, ಕೊನೆಗೆ ಹಾಗೇ ಬಿಟ್ಟಿದ್ದೀವಿ. ಸಂಪಾದಕರು ಕ್ಷಮಿಸಬೇಕು.

ಪ್ರಯೋಗ ಸುಲಭದ್ದೇ. ಅಲ್ಯೂಮಿನಿಯಂಗೆ ಸುಮಾರು ನಾಲ್ಕು ಪರ್ಸೆಂಟ್ ತಾಮ್ರ, ಜೊತೆಗೆ ಒಂದಿಷ್ಟು ಮೆಗ್ನೀಸಿಯಂ ಸೇರಿಸಿದ ಮಿಶ್ರಲೋಹ. ಅದರ ಆರು ಬಿಲ್ಲೆಗಳನ್ನು 495 ಡಿಗ್ರಿ ಫರ್ನೇಸಲ್ಲಿ ಒಂದು ಗಂಟೆ ಇಟ್ಟು, ಇಕ್ಕಳದಲ್ಲಿ ತೆಗೆದು ಸೀದಾ ಬಕೆಟ್ ನೀರಿಗೆ ಹಾಕಬೇಕು. ಆಮೇಲೆ ಬ್ರಿನೆಲ್ ಮೆಷಿನ್ನಲ್ಲಿ ಗಡಸುತನ ಅಳೆಯಬೇಕು. 10 ಮಿಮೀ ಗುಂಡು, 500 ಕೆಜಿ ಭಾರ. ಗುಂಡು ಒತ್ತಿದ ಜಾಗದಲ್ಲಿ ಒಂದು ಕುಳಿ ಬೀಳುತ್ತೆ, ಅದರ ಅಗಲ ಅಳೆದು ಫಾರ್ಮುಲಾಕ್ಕೆ ಹಾಕೋದು. ಕುಳಿ ಚಿಕ್ಕದಾದಷ್ಟೂ ಲೋಹ ಗಡಸು.

ಅವತ್ತು ಶನಿವಾರ. ನಾಲ್ಕು ಬಿಲ್ಲೆ ಮುಗಿಸೋ ಹೊತ್ತಿಗೆ ಒಂದು ಗಂಟೆ ಆಯ್ತು. ಅಟೆಂಡರ್ ಅಣ್ಣ ಬೀಗದ ಕೈ ಆಡಿಸ್ತಾ ಬಾಗಿಲಲ್ಲಿ ನಿಂತಿದ್ರು. ರೀಡಿಂಗ್ 72, 74, 75, 78. ಉಳಿದ ಎರಡನ್ನು ಸೋಮವಾರ ಮಾಡಿದ್ರಾಯ್ತು ಅಂತ ಆರೂ ಬಿಲ್ಲೆಗಳನ್ನು ಒಂದು ಖಾಲಿ ಬೆಂಕಿಪೊಟ್ಟಣಕ್ಕೆ ತುಂಬಿ ಡ್ರಾಯರಲ್ಲಿಟ್ಟು ಊಟಕ್ಕೆ ಓಡಿದೆವು.

ಸೋಮವಾರ ಬಂದದ್ದು 113, 116.

ಒಂದೇ ಸರಳಿನಿಂದ ಕೊಯ್ದ ಬಿಲ್ಲೆಗಳು. ಒಂದೇ ಫರ್ನೇಸ್, ಒಂದೇ ಬಕೆಟ್. ಎರಡು ದಿನ ಡ್ರಾಯರಲ್ಲಿ ಕೂತಿದ್ದಕ್ಕೆ ಲೋಹ ಗಟ್ಟಿ ಆಗುತ್ತಾ? ಮೆಷಿನ್ ಕೆಟ್ಟಿದೆ ಅಂದುಕೊಂಡೆವು. ಭಾರ ಸರಿಯಾಗಿ ಕೂತಿಲ್ಲ ಅಂತ ನಮ್ಮಲ್ಲೊಬ್ಬ, ಅಳೆಯೋ ಕಣ್ಣೇ ಸರಿಯಿಲ್ಲ ಅಂತ ಇನ್ನೊಬ್ಬಳು. ಸಬ್ಮಿಶನ್ ಮಾರನೇ ದಿನ. 76, 77 ಅಂತ ಬರೆದ್ವಿ. ರಫ್ ಹಾಳೆ ಮುದುರಿ ಬುಟ್ಟಿಗೆ ಹಾಕಿದ್ವಿ. ನಿಜ ಹೇಳಬೇಕು ಅಂದ್ರೆ, ಅದನ್ನ ಬರೆಯುವಾಗ ನಮಗೆ ಏನೂ ಅನ್ನಿಸಲಿಲ್ಲ.

ಮೂರು ವಾರ ಆದ ಮೇಲೆ ಕ್ಲಾಸಲ್ಲಿ ಆಲ್‌ಫ್ರೆಡ್ ವಿಲ್ಮ್ ಕಥೆ ಬಂತು. ಮೆಟಲರ್ಜಿಯ ಪಾಠದಲ್ಲಿ ತಪ್ಪದೆ ಹೇಳುವ ಕಥೆ ಇದು. ಬರ್ಲಿನ್ ಪಕ್ಕದ ಒಂದು ಪ್ರಯೋಗಾಲಯ, ವರ್ಷ 1906. ತೋಟಾಗಳಿಗೆ ಹಿತ್ತಾಳೆ ಬದಲು ಬಳಸೋಕೆ ಗಟ್ಟಿ ಅಲ್ಯೂಮಿನಿಯಂ ಬೇಕು ಅಂತ ಪ್ರಷ್ಯಾದ ಸೈನ್ಯ ಕೇಳಿತ್ತು. ಕಾಸಿದ ಉಕ್ಕನ್ನು ನೀರಿಗೆ ಹಾಕಿದರೆ ಗಡಸಾಗುತ್ತಲ್ಲ, ಅಲ್ಯೂಮಿನಿಯಂ ಕೂಡ ಹಾಗೇ ಆಗಬಹುದು ಅಂತ ವಿಲ್ಮ್ ಪ್ರಯತ್ನ ಮಾಡಿದ. ತಾಮ್ರ, ಮೆಗ್ನೀಸಿಯಂ ಸೇರಿಸಿ, ಕಾಸಿ, ನೀರಿಗೆ ಹಾಕಿ ಶನಿವಾರ ಅಳೆದರೆ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಉಳಿದ ಅಳತೆ ಸೋಮವಾರಕ್ಕೆ ಹೋಯ್ತು. ಸೋಮವಾರ ನೋಡಿದರೆ ಗಡಸುತನ ಸಿಕ್ಕಾಪಟ್ಟೆ ಏರಿಬಿಟ್ಟಿದೆ.

ಆ ಪಾಠ ಕೇಳ್ತಾ ನಾಲ್ಕೂ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ವಾರಗಳು ಕೂಡ ಅವೇ! ವಿಲ್ಮ್ ಕೂಡ ಮೊದಲು ಮೆಷಿನ್ನನ್ನೇ ಅನುಮಾನಿಸಿದ ಅಂತ ಹೇಳ್ತಾರೆ. ಆದರೆ ಆತ ಮತ್ತೆ ಅಳೆದ. ಅದರಿಂದ ಡ್ಯುರಾಲುಮಿನ್ ಬಂತು, ಜೆಪ್ಪೆಲಿನ್‌ಗಳ ಅಸ್ಥಿಪಂಜರ ಬಂತು. ಇವತ್ತಿಗೂ ವಿಮಾನದಲ್ಲಿರೋ 2024 ಅನ್ನುವ ಲೋಹ ಅದರದೇ ವಂಶ. ನಮಗೆ 76, 77 ಬಂತು.

ಅವತ್ತೇ ಸಂಜೆ ಲ್ಯಾಬಿಗೆ ಹೋಗಿ ಡ್ರಾಯರ್ ಎಳೆದ್ವಿ. ಬೆಂಕಿಪೊಟ್ಟಣ ಹಾಗೇ ಇತ್ತು. ಶನಿವಾರ ಅಳೆದಿದ್ದ ಬಿಲ್ಲೆಯನ್ನೇ ತೆಗೆದು, ಹಳೇ ಕುಳಿಯ ಪಕ್ಕ, ಸ್ವಲ್ಪ ದೂರ ಬಿಟ್ಟು, ಅದೇ ಗುಂಡು ಅದೇ ಭಾರದಲ್ಲಿ ಮತ್ತೆ ಒತ್ತಿದ್ವಿ. ಹಳೇ ಕುಳಿ 2.9 ಮಿಮೀ, ಹೊಸದು 2.3. ಬರಿಗಣ್ಣಿಗೇ ಗೊತ್ತಾಗೋಷ್ಟು ವ್ಯತ್ಯಾಸ. ಒಂದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡ ಬಿಲ್ಲೆ, ಅದರ ಮೇಲೆ ಒಂದೇ ಗುಂಡು ಮಾಡಿದ ಎರಡು ಕುಳಿ, ಮಧ್ಯ ಮೂರು ವಾರ. ನಾಲ್ಕೂ ಬಿಲ್ಲೆ ಹಾಗೇ ಆಗಿದ್ದವು. ಅಷ್ಟೇ ಅಲ್ಲ, ಶನಿವಾರದ 72, 74, 75, 78 ಕೂಡ ಏರುತ್ತಾ ಹೋಗಿತ್ತಲ್ಲ! ನಲವತ್ತು ನಿಮಿಷದಲ್ಲಿ, ನಮ್ಮ ಕಣ್ಣೆದುರೇ. ನಾವು ಅದಕ್ಕೆ ಆವರೇಜ್ ತೆಗೆದು ಕೂತಿದ್ವಿ.

ಹಾಗಾದ್ರೆ ಬೆಂಕಿಪೊಟ್ಟಣದೊಳಗೆ ನಡೆದದ್ದೇನು? ಟೆಕ್ಸ್ಟ್‌ಬುಕ್ಕಿನ ಗ್ರಾಫ್ ನೋಡಿ ನಮಗೆ ಅರ್ಥ ಆಗಲಿಲ್ಲ. ಅರ್ಥ ಆಗಿದ್ದು ನಮ್ಮ ಕಾಲೇಜನ್ನೇ ಇಟ್ಟುಕೊಂಡು ಯೋಚಿಸಿದಾಗ.

ಬೆಳಿಗ್ಗೆ ಎಂಟು ಗಂಟೆ ಬಸ್ ನೆನಪು ಮಾಡಿಕೊಳ್ಳಿ. ಮೆಕ್ಯಾನಿಕಲ್, ಸಿವಿಲ್, ಸಿಎಸ್ ಎಲ್ಲ ಕಲಸುಮೇಲೋಗರ, ಸಿಕ್ಕಿದ ಸೀಟಲ್ಲಿ ಸಿಕ್ಕಿದವರು. ಇದು ಸಾಲಿಡ್ ಸೊಲ್ಯೂಶನ್. ಬಿಸಿ ಜಾಸ್ತಿ ಇದ್ದಾಗ ಪರಮಾಣುಗಳು ಹೀಗೇ ಇರುತ್ತವೆ. ಪಕ್ಕದಲ್ಲಿ ಯಾರು ಅನ್ನೋದು ಆಗ ದೊಡ್ಡ ವಿಷಯವಲ್ಲ, ಕಲಸಿಕೊಂಡಿರುವ ಒಲವೇ ಗೆಲ್ಲುತ್ತೆ. ತಣ್ಣಗಾದ ಹಾಗೆ ಪಕ್ಕದವರು ಯಾರು ಅನ್ನೋದು ಲೆಕ್ಕಕ್ಕೆ ಬರುತ್ತೆ. ಆಗ ಎರಡು ದಾರಿ.

ಒಂದು ಕ್ಯಾಂಟೀನ್ ದಾರಿ. ತಮ್ಮವರ ಪಕ್ಕ ತಮ್ಮವರು ಕೂತರೆ ಹಾಯ್ ಅನ್ನಿಸೋರು ಮೂಲೆಮೂಲೆಯಲ್ಲಿ ಬ್ರಾಂಚ್ ಬ್ರಾಂಚೇ ಗುಂಪಾಗ್ತಾರೆ. ಇದು ಫೇಸ್ ಸೆಪರೇಶನ್. ಇನ್ನೊಂದು ಇಂಟರ್ನಲ್ಸ್ ಹಾಲ್ ದಾರಿ. ಒಂದು ಮೆಕ್ಯಾನಿಕಲ್, ಒಂದು ಸಿವಿಲ್, ಒಂದು ಮೆಕ್ಯಾನಿಕಲ್, ಒಂದು ಸಿವಿಲ್. ಬೇರೆಯವರು ಪಕ್ಕದಲ್ಲಿದ್ದರೇ ಶಕ್ತಿ ಕಡಿಮೆ ಅನ್ನುವ ಪರಮಾಣುಗಳು ಹೀಗೆ ಸಾಲಾಗಿ ಕೂರ್ತವೆ. ಇದು ಆರ್ಡರಿಂಗ್. ಬೆಸುಗೆಯ ಶಕ್ತಿಯ ಲೆಕ್ಕ ಇಷ್ಟೇ: ತಾಮ್ರ–ಚಿನ್ನ ಜೋಡಿಯ ಶಕ್ತಿ, ತಾಮ್ರ–ತಾಮ್ರ ಮತ್ತು ಚಿನ್ನ–ಚಿನ್ನ ಜೋಡಿಗಳ ಸರಾಸರಿಗಿಂತ ಕಡಿಮೆಯಾ ಜಾಸ್ತಿಯಾ. ಕಡಿಮೆ ಇದ್ದರೆ ಎಕ್ಸಾಮ್ ಹಾಲ್, ಜಾಸ್ತಿ ಇದ್ದರೆ ಕ್ಯಾಂಟೀನ್.

ನಮ್ಮ ಬಿಲ್ಲೆ ಕ್ಯಾಂಟೀನ್ ಕಡೆಯದು. ಅಲ್ಯೂಮಿನಿಯಂ 548 ಡಿಗ್ರಿಯಲ್ಲಿ ತೂಕದ 5.65 ಪರ್ಸೆಂಟ್ ತಾಮ್ರವನ್ನು ತನ್ನೊಳಗೆ ಕರಗಿಸಿಟ್ಟುಕೊಳ್ಳಬಲ್ಲದು, ರೂಮಿನ ಬಿಸಿಯಲ್ಲಿ ಒಂದು ಪರ್ಸೆಂಟಿನ ಚೂರೂ ಕಷ್ಟ. ನೀರಿಗೆ ಹಾಕಿದಾಗ ತಾಮ್ರಕ್ಕೆ ಹೊರಗೆ ಬರೋಕೆ ಟೈಮೇ ಸಿಗಲ್ಲ, ಬಸ್ಸಿನಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ. ಆದರೆ ರೂಮಿನ ಬಿಸಿಯಲ್ಲಿ ಘನ ಲೋಹದೊಳಗೆ ಪರಮಾಣು ಓಡಾಡೋದಾದ್ರೂ ಹೇಗೆ? ಇಲ್ಲಿ ನಮಗೆ ಬಹಳ ಇಷ್ಟವಾದ ವಿಷಯ ಬರುತ್ತೆ. 495 ಡಿಗ್ರಿಯಲ್ಲಿ ಲೋಹದ ಜಾಲದಲ್ಲಿ ಖಾಲಿ ಸೀಟುಗಳು ಹೆಚ್ಚಿರುತ್ತವೆ, ಕುರ್ಚಿ ಇದೆ, ಪರಮಾಣು ಇಲ್ಲ. ದಿಢೀರಂತ ತಣಿಸಿದಾಗ ಆ ಖಾಲಿ ಸೀಟುಗಳೂ ಒಳಗೇ ಸಿಕ್ಕಿಕೊಳ್ಳುತ್ತವೆ. ತುಂಬಿ ತುಳುಕೋ ಬಸ್ಸಲ್ಲಿ ಒಂದು ಸೀಟು ಖಾಲಿಯಾದರೆ ಪಕ್ಕದವರು ಅದಕ್ಕೆ ಜರುಗ್ತಾರೆ, ಅವರ ಜಾಗಕ್ಕೆ ಇನ್ನೊಬ್ಬರು, ಹೀಗೆ ಬಸ್ಸಿಗೆ ಬಸ್ಸೇ ಕದಲುತ್ತೆ. ಬಕೆಟ್ ನೀರು ತಾಮ್ರವನ್ನು ಕಟ್ಟಿಹಾಕಿತು, ಅದು ಓಡಾಡೋಕೆ ಬೇಕಾದ ಖಾಲಿ ಜಾಗವನ್ನೂ ಅದೇ ಕೊಟ್ಟಿತು.

ಆ ತಾಮ್ರ ಗುಂಪು ಕಟ್ಟೋದು ಎಷ್ಟು ಚಿಕ್ಕದಾಗಿ ಅಂದ್ರೆ, ನಮ್ಮ ಲ್ಯಾಬಿನ ಮೈಕ್ರೋಸ್ಕೋಪಲ್ಲಿ ಶನಿವಾರದ ಬಿಲ್ಲೆಗೂ ಸೋಮವಾರದ್ದಕ್ಕೂ ಯಾವ ವ್ಯತ್ಯಾಸವೂ ಕಾಣಲ್ಲ. ವಿಲ್ಮ್‌ಗೂ ಕಾಣಲಿಲ್ಲ. ಒಳಗಿಂದ ಏನೋ ಹೊರಬರ್ತಿದೆ ಅನ್ನೋ ವಿವರಣೆ ಬಂದದ್ದು 1919ರಲ್ಲಿ, ಅಮೆರಿಕದ ಮೆರಿಕಾ, ವಾಲ್ಟೆನ್‌ಬರ್ಗ್, ಸ್ಕಾಟ್ ಅವರಿಂದ. ಎಕ್ಸ್‌ರೇಯಲ್ಲಿ ಅದರ ಗುರುತು ಸಿಕ್ಕಿದ್ದು 1938ರಲ್ಲಿ, ಫ್ರಾನ್ಸಿನಲ್ಲಿ ಗಿನಿಯೆ, ಇಂಗ್ಲೆಂಡಿನಲ್ಲಿ ಪ್ರೆಸ್ಟನ್, ಇಬ್ಬರೂ ಬೇರೆಬೇರೆಯಾಗಿ. ಅಲ್ಯೂಮಿನಿಯಂ–ತಾಮ್ರದಲ್ಲಿ ಒಂದೇ ಒಂದು ಪರಮಾಣು ದಪ್ಪದ, ಕೆಲವೇ ನ್ಯಾನೋಮೀಟರ್ ಅಗಲದ ತಾಮ್ರದ ತಟ್ಟೆಗಳು. ಅವೇ ಜಿಪಿ ಝೋನ್, ಎಕ್ಸಾಮಿಗೆ ನಾವು ಉರು ಹೊಡೆಯೋ ಆ ಎರಡಕ್ಷರ. ಮೆಗ್ನೀಸಿಯಂ ಇದ್ದರೆ ಅದೂ ತಾಮ್ರದ ಜೊತೆ ಗುಂಪಿಗೆ ಸೇರುತ್ತೆ. ಈ ಗುಂಪುಗಳು ಲೋಹದೊಳಗಿನ ಜಾರುವಿಕೆಗೆ ಅಡ್ಡ ನಿಲ್ಲುತ್ತವೆ, ಗುಂಡು ಒಳಗಿಳಿಯಲು ಬಿಡಲ್ಲ. ತಮಾಷೆ ಏನಂದ್ರೆ, ವಿಲ್ಮ್‌ಗಿಂತ ಮೂರು ವರ್ಷ ಮುಂಚೆ, 1903ರಲ್ಲಿ ಹಾರಿದ ರೈಟ್ ಸಹೋದರರ ವಿಮಾನದ ಎಂಜಿನ್ ಕ್ರ್ಯಾಂಕ್‌ಕೇಸ್ ಕೂಡ ಅಲ್ಯೂಮಿನಿಯಂ–ತಾಮ್ರದ್ದು. 1990ರ ದಶಕದಲ್ಲಿ ಅದರ ಚೂರನ್ನು ಪರೀಕ್ಷೆ ಮಾಡಿದಾಗ ಒಳಗೆ ಇದೇ ಝೋನ್‌ಗಳು ಸಿಕ್ಕವು. ಯಾರಿಗೂ ಹೇಳದೆ ತಾನೇ ಗಟ್ಟಿಯಾಗಿ ಕೂತಿತ್ತು.

ವಿಮಾನದ ಕೆಲಸದವರಿಗೆ ಇದೊಂದು ತಲೆನೋವೂ ಹೌದು. 2024 ರಿವೆಟ್ ನೀರಿನಿಂದ ತೆಗೆದ ತಕ್ಷಣ ಮೆತ್ತಗೆ, ಬಡಿಯೋಕೆ ಸುಲಭ. ಬಿಟ್ಟರೆ ಗಟ್ಟಿಯಾಗಿ ಬಡಿದಾಗ ಬಿರುಕು ಬಿಡುತ್ತೆ. ಅದಕ್ಕೆ ಅವನ್ನು ಫ್ರೀಜರಿನಲ್ಲಿ ಇಟ್ಟು, ಬೇಕಾದಾಗ ಬೇಕಾದಷ್ಟೇ ತೆಗೀತಾರೆ. ಹುಳಿಯಾಗದಿರಲಿ ಅಂತ ಅಮ್ಮ ದೋಸೆ ಹಿಟ್ಟನ್ನು ಫ್ರಿಜ್ಜಲ್ಲಿಡೋ ಹಾಗೆ.

ಗುಂಪು ಕಟ್ಟೋದ್ರಲ್ಲೂ ಎರಡು ಬಗೆ. ಕ್ಯಾಂಟೀನಲ್ಲಿ ನಾಲ್ಕೈದು ಜನ ಒಂದು ಟೇಬಲ್ ಹಿಡಿದರೆ ಮಾತ್ರ ಉಳಿದವರು ಬಂದು ಸೇರೋದು ಒಂದು ಬಗೆ. ಒಬ್ಬರೋ ಇಬ್ಬರೋ ಆದರೆ ಅವರೂ ಎದ್ದು ಹೋಗ್ತಾರೆ. ಆ ಮೊದಲ ನಾಲ್ಕೈದು ಜನ ಸೇರೋದೇ ಕಷ್ಟ. ಇನ್ನೊಂದರಲ್ಲಿ ಆ ಕಷ್ಟವೇ ಇಲ್ಲ. ಇಡೀ ಹಾಲಿನಲ್ಲಿ ಎಲ್ಲ ಕಡೆ ಒಟ್ಟಿಗೇ, ಇಲ್ಲಿ ಒಂಚೂರು ಮೆಕ್ಯಾನಿಕಲ್ ಜಾಸ್ತಿ, ಅಲ್ಲಿ ಒಂಚೂರು ಸಿವಿಲ್ ಜಾಸ್ತಿ, ಆ ಒಂಚೂರೇ ಬೆಳೀತಾ ಹೋಗುತ್ತೆ. ಇದು ಸ್ಪೈನೋಡಲ್ ಡಿಕಂಪೊಸಿಶನ್. ಜಾನ್ ಕಾನ್ 1961ರಲ್ಲಿ ಇದರ ಗಣಿತ ಬರೆದರು, 1958ರಲ್ಲಿ ಹಿಲಿಯಾರ್ಡ್ ಜೊತೆ ಬರೆದ ಪೇಪರಿನ ಆಧಾರದ ಮೇಲೆ. ಪಿಯುಸಿಯಲ್ಲಿ ಡಿಫ್ಯೂಶನ್ ಅಂದ್ರೆ ಏನು ಕಲಿತಿದ್ವಿ? ಊದುಬತ್ತಿ ವಾಸನೆ ದಟ್ಟ ಇರೋ ಕಡೆಯಿಂದ ತೆಳು ಇರೋ ಕಡೆಗೆ ಹರಡೋದು. ಇಲ್ಲಿ ಉಲ್ಟಾ, ತೆಳು ಇರೋ ಕಡೆಯಿಂದ ದಟ್ಟ ಇರೋ ಕಡೆಗೇ ಹೋಗುತ್ತೆ. ಹಾಸ್ಟೆಲಲ್ಲಿ ಎಲೆಕ್ಟ್ರಿಕ್ ಗಿಟಾರ್ ಬಾರಿಸೋರಿಗೆ ಒಂದು ಮಾತು: ಕೆಲವು ಪಿಕಪ್‌ಗಳಲ್ಲಿರೋ ಅಲ್ನಿಕೊ ಮ್ಯಾಗ್ನೆಟ್ಟಿಗೆ ಶಕ್ತಿ ಬರೋದು ಇದೇ ದಾರಿಯಲ್ಲಿ. ಕಬ್ಬಿಣ–ಕೋಬಾಲ್ಟ್ ಹೆಚ್ಚಿರೋ ಸಣ್ಣ ಕಡ್ಡಿಗಳು ನಿಕಲ್–ಅಲ್ಯೂಮಿನಿಯಂ ಮಧ್ಯ ಬೇರೆಯಾಗಿ ನಿಂತು.

ಎಕ್ಸಾಮ್ ಹಾಲ್ ದಾರಿಯನ್ನು ನಾವು ಕಣ್ಣಾರೆ ನೋಡಿದ್ದು ದಸರಾ ರಜೆಯಲ್ಲಿ. ನಮ್ಮಲ್ಲೊಬ್ಬನ ಸೋದರಮಾವ ಅಕ್ಕಸಾಲಿಗರು. ಊರಿಗೆ ಹೋದಾಗ ಅವರ ಅಂಗಡಿಯಲ್ಲಿ ಕೂತಿದ್ವಿ. ಸಾಮಾನ್ಯವಾಗಿ ಅವರದ್ದು 22 ಕ್ಯಾರೆಟ್ ಕೆಲಸ. ಅವತ್ತು ಯಾರೋ ರೋಸ್ ಗೋಲ್ಡ್ ಉಂಗುರ ಕೇಳಿದ್ರಂತೆ, 18 ಕ್ಯಾರೆಟ್, ಚಿನ್ನ ಮತ್ತು ತಾಮ್ರ. ಬಡಿದು ಬಡಿದು ಗಟ್ಟಿಯಾದ ತುಂಡನ್ನು ಮಂದ ಕೆಂಪಾಗೋವರೆಗೆ ಕಾಸಿದ್ರು, ಕೆಂಪು ಆರಿದ ಕೂಡಲೇ ನೀರಿಗೆ ಹಾಕಿದ್ರು. ಚುಂಯ್ ಅಂತು.

“ಯಾಕೆ ಮಾವ, ಹಾಗೇ ಆರೋಕೆ ಬಿಟ್ರೆ?” ಅಂದ ನಮ್ಮವನು.

“ಪೆಡಸಾಗುತ್ತೆ ಕಣೋ. ಆಮೇಲೆ ಬಡಿದ್ರೆ ಸೀಳು ಬಿಡುತ್ತೆ. ಹಳದಿ ಚಿನ್ನ ಇಷ್ಟು ಹಟ ಮಾಡಲ್ಲ, ಈ ಕೆಂಪಂದೇ ಕಾಟ.”

ನಾವು ಅಲ್ಲೇ ಕೌಂಟರಿನ ಕ್ಯಾಲ್ಕುಲೇಟರ್ ಎಳೆದುಕೊಂಡು ಕೂತ್ವಿ. 18 ಕ್ಯಾರೆಟ್ ಅಂದ್ರೆ ತೂಕದಲ್ಲಿ ಮುಕ್ಕಾಲು ಪಾಲು ಚಿನ್ನ. ಆದರೆ ಚಿನ್ನದ ಪರಮಾಣು ಭಾರ 197, ತಾಮ್ರದ್ದು 63.5. 75ನ್ನು 197ರಿಂದ ಭಾಗಿಸಿ, 25ನ್ನು 63.5ರಿಂದ ಭಾಗಿಸಿ ನೋಡಿ: 0.381, 0.394. ಎಣಿಸಿದರೆ ಹೆಚ್ಚುಕಮ್ಮಿ ಅರ್ಧಕ್ಕರ್ಧ! ಒಂದು ಚಿನ್ನಕ್ಕೆ ಒಂದು ತಾಮ್ರ, ಎಕ್ಸಾಮ್ ಹಾಲ್ ಸೀಟಿಂಗಿಗೆ ಹೇಳಿ ಮಾಡಿಸಿದ ಲೆಕ್ಕ. ಈ ಮಿಶ್ರಲೋಹ ಸುಮಾರು 410 ಡಿಗ್ರಿ ಕೆಳಗೆ ಸಾಲುಗಟ್ಟಲು ಶುರು ಮಾಡುತ್ತೆ. ಸುಮಾರು 385ರ ಕೆಳಗೆ ಒಂದು ಪದರ ಚಿನ್ನ, ಒಂದು ಪದರ ತಾಮ್ರ, ಮತ್ತೆ ಚಿನ್ನ. ಹಾಗೆ ಕೂತಾಗ ಚೌಕದ ಘನ ಒಂದು ದಿಕ್ಕಲ್ಲಿ ಕುಗ್ಗುತ್ತೆ, ಒಳಗೆಲ್ಲ ಎಳೆದಾಟ, ಲೋಹ ಪೆಡಸು. ನೀರಿಗೆ ಹಾಕಿದರೆ ಸೀಟ್ ಬದಲಾಯಿಸೋಕೆ ಸಮಯವಿಲ್ಲ, ಬಸ್ ಬಸ್ಸಾಗಿಯೇ ಉಳಿಯುತ್ತೆ, ಮೆತ್ತಗೆ. ಚಿನ್ನ–ತಾಮ್ರದಲ್ಲಿ ಏನೋ ನಡೀತಿದೆ ಅಂತ ರಷ್ಯಾದ ಕುರ್ನಾಕೋವ್ ಮತ್ತು ಜೊತೆಗಾರರು 1916ರಲ್ಲೇ ಕಂಡುಕೊಂಡಿದ್ದರು, ವಿದ್ಯುತ್ ರೋಧದ ಏರಿಳಿತ ನೋಡಿ.

ಇನ್ನೊಂದು ಪಾಯಿಂಟ್. ಕ್ಯಾಂಟೀನ್ ಗುಂಪಿಗೆ ತಮ್ಮವರನ್ನು ಹುಡುಕಿಕೊಂಡು ದೂರ ನಡೀಬೇಕು. ಎಕ್ಸಾಮ್ ಸಾಲಿಗೆ ಪಕ್ಕದವರ ಜೊತೆ ಸೀಟ್ ಬದಲಾಯಿಸಿದರೂ ಸಾಕು. ಅದಕ್ಕೇ ಆರ್ಡರಿಂಗ್‌ಗೆ ಬಹಳ ಪುರಸೊತ್ತು ಬೇಕಿಲ್ಲ, ಮಾವನ ತುಂಡು ಆರೋ ಅಷ್ಟು ಹೊತ್ತೇ ಅದಕ್ಕೆ ಧಾರಾಳ. ಆದರೆ ಅದರಲ್ಲೂ ಎಡವಟ್ಟಿದೆ. ಹಾಲಿನ ಎರಡು ಬಾಗಿಲಿನಿಂದ ಇಬ್ಬರು ಮೇಷ್ಟ್ರು ಸೀಟಿಂಗ್ ಹಾಕ್ತಾ ಬಂದರು ಅಂದುಕೊಳ್ಳಿ, ಒಬ್ಬರು ಮೆಕ್ಯಾನಿಕಲ್‌ನಿಂದ, ಇನ್ನೊಬ್ಬರು ಸಿವಿಲ್‌ನಿಂದ ಶುರು ಮಾಡಿ. ಮಧ್ಯ ಸೇರೋ ಜಾಗದಲ್ಲಿ ಇಬ್ಬರು ಮೆಕ್ಯಾನಿಕಲ್ ಅಕ್ಕಪಕ್ಕ ಬಂದುಬಿಡಬಹುದು. ಎರಡೂ ಕಡೆಯ ಸಾಲು ಸರಿ, ಗಡಿ ಮಾತ್ರ ತಪ್ಪು. ಇದೇ ಆಂಟಿಫೇಸ್ ಬೌಂಡರಿ. ಕಾಪಿ ಹೊಡೆಯೋಕೆ ಪ್ರಶಸ್ತ ಸ್ಥಳ.

ಕಾಪಿ ಅಂದಾಗ ನೆನಪಾಯ್ತು. ಬ್ರ್ಯಾಗ್ ಮತ್ತು ವಿಲಿಯಮ್ಸ್ 1934ರಲ್ಲಿ ಹೇಳಿದ್ದು ಇದನ್ನೇ: ಸಾಲು ಇರೋವರೆಗೆ ಪ್ರತಿ ಪರಮಾಣುವಿಗೂ ತನ್ನ ಸೀಟಲ್ಲಿರೋದೇ ಲಾಭ. ಒಂದಷ್ಟು ಜನ ಎದ್ದು ತಪ್ಪು ಸೀಟಿಗೆ ಹೋದರೆ, ಸರಿ ಸೀಟಲ್ಲಿ ಕೂತಿರೋದರ ಲಾಭ ಉಳಿದವರಿಗೂ ಕಡಿಮೆ ಆಗುತ್ತೆ, ಅವರೂ ಏಳ್ತಾರೆ. ಹಾಗಾಗಿ ಬಿಸಿ ಏರಿದಂತೆ ಮೊದಲು ನಿಧಾನಕ್ಕೆ, ಆಮೇಲೆ ದಬದಬ ಕ್ರಮ ಕುಸಿಯುತ್ತೆ. ಸೂಪರ್‌ವೈಸರ್ ಫೋನಲ್ಲಿ ಮುಳುಗಿದ ಹಾಲನ್ನು ನೋಡಿದವರಿಗೆ ಈಕ್ವೇಶನ್ ಬೇಕಾಗಿಲ್ಲ.

ಮಾವನಿಗೆ ಇದನ್ನೆಲ್ಲ ಹೇಳಿದ್ವಿ. ಅವರು ಕೇಳಿಸಿಕೊಂಡು, “ತೂಕದ ಲೆಕ್ಕ ಬಿಟ್ಟು ಎಣಿಕೆ ಲೆಕ್ಕ ಹಾಕಿದ್ರಲ್ಲ, ಅದು ಚೆನ್ನಾಗಿದೆ” ಅಂದ್ರು. ಆಮೇಲೆ, “ಬೆಳ್ಳಿ ಸೇರಿಸಿದ್ರೆ?” ಅಂದ್ರು. ನಮಗೆ ಆಗ ಉತ್ತರ ಬರಲಿಲ್ಲ. ವಾಪಸ್ ಬಂದು ಲೈಬ್ರರಿಯಲ್ಲಿ ನೋಡಿದ್ವಿ. ಬೆಳ್ಳಿಗೂ ತಾಮ್ರಕ್ಕೂ ಆಗಿಬರಲ್ಲ, ಅವು ಕ್ಯಾಂಟೀನ್ ಜನ. ಚಿನ್ನಕ್ಕೂ ತಾಮ್ರಕ್ಕೂ ಎಕ್ಸಾಮ್ ಹಾಲ್ ಸಂಬಂಧ. ಮೂರನ್ನೂ ಸೇರಿಸಿದ 18 ಕ್ಯಾರೆಟ್ ಚಿನ್ನದಲ್ಲಿ, ಯಾವುದು ಎಷ್ಟಿದೆ ಅನ್ನೋದರ ಮೇಲೆ, ಒಂದೇ ಉಂಗುರದೊಳಗೆ ಬೇರೆಯಾಗೋದೂ ಸಾಲುಗಟ್ಟೋದೂ ಎರಡೂ ನಡೀಬಹುದು. ನಮ್ಮ ಮನೆಗಳ 916 ಬಳೆಗಳಲ್ಲಿ ಚಿನ್ನವೇ ಅಷ್ಟಿರೋದ್ರಿಂದ ಈ ಗಲಾಟೆ ಕಡಿಮೆ. ಮಾವನಿಗೆ ವಾಯ್ಸ್ ಮೆಸೇಜ್ ಕಳಿಸಿದ್ವಿ. ಹೆಬ್ಬೆಟ್ಟು ಎತ್ತಿದ ಇಮೋಜಿ ಬಂತು.

ಇಷ್ಟೆಲ್ಲ ಓದಿದ ಮೇಲೂ 76, 77 ಹಾಗೇ ಇತ್ತು. ಹೇಳೋದಾ ಬೇಡವಾ ಅಂತ ನಮ್ಮೊಳಗೇ ಎರಡು ಪಾರ್ಟಿ ಆಯ್ತು. ಸಹಿ ಬಿದ್ದಾಗಿದೆ, ಯಾರಿಗೂ ತೊಂದರೆ ಇಲ್ಲ, ಸುಮ್ನೆ ಯಾಕೆ ಮೈಮೇಲೆ ಎಳ್ಕೊಳ್ಳೋದು ಅಂತ ಇಬ್ಬರು. ಒಂದು ವಾರ ಬ್ಯಾಚ್ ಗ್ರೂಪಲ್ಲಿ ಮಾತೇ ಇಲ್ಲ. ಕೊನೆಗೆ ಆ ಇಬ್ಬರಲ್ಲೊಬ್ಬಳೇ ಬೆಂಕಿಪೊಟ್ಟಣ ಎತ್ತಿಕೊಂಡು ಸ್ಟಾಫ್ ರೂಮ್ ಕಡೆ ಹೊರಟಳು. ಉಳಿದವರು ಹಿಂದೆ ಹೋದ್ವಿ.

ಮ್ಯಾಮ್ ಬಯ್ಯಲಿಲ್ಲ. ಬಯ್ದಿದ್ದರೆ ಸುಲಭ ಇತ್ತು. “ರಫ್ ಹಾಳೆ ಎಲ್ಲಿ?” ಅಂದ್ರು. ಇಲ್ಲ ಮ್ಯಾಮ್, ಬಿಸಾಕಿದ್ವಿ. “ಹಾಗಾದ್ರೆ ಸೋಮವಾರ ಎಷ್ಟು ಬಂದಿತ್ತು ಅಂತ ಈಗ ನೆನಪಿನಿಂದ ಬರೀತೀರಾ? ಅದನ್ನ ನಾನು ಹೇಗೆ ನಂಬಲಿ?” ನಮ್ಮಲ್ಲಿ ಒಬ್ಬರ ಬಾಯಲ್ಲೂ ಮಾತಿಲ್ಲ. ಸುಮಾರು ಹೊತ್ತು ಸುಮ್ಮನಿದ್ದು, ಪೊಟ್ಟಣ ತೆರೆದು ಬಿಲ್ಲೆಗಳನ್ನು ಅಂಗೈ ಮೇಲೆ ಸುರಿದುಕೊಂಡ್ರು. “ಹಾಳೆ ಬಿಸಾಕಿದ್ರಿ, ಇವನ್ನ ಬಿಸಾಕಿಲ್ವಲ್ಲ. ಕುಳಿ ಹೋಗಿ ಬಿಡುತ್ತಾ? ಹೋಗಿ ಅಳೀರಿ.”

ನಮಗೆ ಹೊಳೆದೇ ಇರಲಿಲ್ಲ. ಸೋಮವಾರದ ಕುಳಿಗಳು ಬಿಲ್ಲೆಯ ಮೇಲೆ ಇದ್ದೇ ಇದ್ದವು. ಈ ಸಲ ಮ್ಯಾಮ್ ಎದುರೇ ಮೈಕ್ರೋಸ್ಕೋಪ್ ಕೆಳಗೆ ಇಟ್ಟು, ಒಬ್ಬೊಬ್ಬರೂ ಬೇರೆಬೇರೆಯಾಗಿ ಅಳೆದ್ವಿ. ಒಂದು 2.36 ಮಿಮೀ, ಇನ್ನೊಂದು 2.33. ಲೆಕ್ಕ ಹಾಕಿದರೆ 113, 116. ಹಳೇ ಸಾಲುಗಳ ಮೇಲೆ ಒಂದೊಂದು ಗೆರೆ ಎಳೆದು, ಕೆಳಗಿನ ಸಂಖ್ಯೆ ಕಾಣೋ ಹಾಗೇ ಬಿಟ್ಟು, ಪಕ್ಕದಲ್ಲಿ ಹೊಸದನ್ನು ಬರೆದು ನಾಲ್ಕೂ ಜನ ಸಹಿ ಹಾಕಿದ್ವಿ. ಆ ಪ್ರಯೋಗಕ್ಕೆ ಹತ್ತರಲ್ಲಿ ಆರು ಮಾರ್ಕ್ಸ್.

ಈಗ ಅದೇ ಸರಳಿನ ಇನ್ನೂ ಎಂಟು ಬಿಲ್ಲೆ ಕೊಯ್ದುಕೊಂಡಿದ್ದೀವಿ. 190 ಡಿಗ್ರಿಯಲ್ಲಿ ಬೇರೆಬೇರೆ ಹೊತ್ತು ಇಟ್ಟು ಅಳೀತಿದ್ದೀವಿ. ಗುಂಪುಗಳು ಬೆಳೆದು ದೊಡ್ಡದಾಗಿ ದೂರದೂರ ಆದ ಮೇಲೆ ಲೋಹ ಮತ್ತೆ ಮೆತ್ತಗಾಗಬೇಕು, ಓವರ್‌ಏಜಿಂಗ್. ಐದು ಬಿಲ್ಲೆ ಮುಗಿದಿವೆ. ಗ್ರಾಫ್ ಚೆನ್ನಾಗೇ ಏರ್ತಾ ಇದೆ, ನಾಲ್ಕನೆಯದು ಮಾತ್ರ 97 ಬಂದಿದೆ, ಸಾಲಿಗೆ ಸೇರಲ್ಲ. ಯಾಕೆ ಅಂತ ಗೊತ್ತಾಗಿಲ್ಲ. ಬಿಲ್ಲೆಗೆ ಮಾರ್ಕರಲ್ಲಿ ನಂಬರ್ ಹಾಕಿ ಬೆಂಕಿಪೊಟ್ಟಣದಲ್ಲಿ ಇಟ್ಟಿದ್ದೀವಿ. ರಫ್ ಹಾಳೆ ಅದರ ಜೊತೆಗೇ ಮಡಚಿಟ್ಟಿದೆ.